ಓಪನ್ ಹಾರ್ಟ್ ಸರ್ಜರಿ ಅಂದರೇನು? ಆಪರೇಷನ್‌ಗೆ ಹೋಗುವವರಿಗೆ ಗೊತ್ತಿರಬೇಕಾದ ಸಂಗತಿಗಳು

ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳಿ, ಎದೆಗೂಡು ತೆರೆದು ಹೃದಯಕ್ಕೆ ಮಾಡುವ ಆಪರೇಷನ್ನಿಗೆ ಓಪನ್ ಹಾರ್ಟ್ ಸರ್ಜರಿ ಅನ್ನುತ್ತಾರೆ. ಇದು ಯಾವುದೋ ಒಂದೇ ಆಪರೇಷನ್ನಿನ ಹೆಸರಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಬೈಪಾಸ್, ವಾಲ್ವ್ (ರಕ್ತ ಒಂದೇ ದಿಕ್ಕಿಗೆ ಹರಿಯುವ ಹಾಗೆ ನೋಡಿಕೊಳ್ಳುವ ಹೃದಯದ ಬಾಗಿಲು) ಕೆಟ್ಟವರಿಗೆ ಅದರ ರಿಪೇರಿ ಅಥವಾ ಬದಲಾವಣೆ, ಹುಟ್ಟಿನಿಂದ ಹೃದಯದಲ್ಲಿ ತೂತು ಇರುವ ಮಕ್ಕಳಿಗೆ ಅದನ್ನು ಮುಚ್ಚುವುದು, ಇವೆಲ್ಲ ಇದರಲ್ಲೇ ಸೇರುತ್ತವೆ. ಕೈ ಅಥವಾ ತೊಡೆಯ ಸಂದಿಯಿಂದ ಸಣ್ಣ ನಳಿಕೆ ತೂರಿಸಿ, ಕಟ್ಟಿದ ನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕುವುದು ಬೇರೆ. ಅದರಲ್ಲಿ ಎದೆ ಕೊಯ್ಯುವುದೇ ಇಲ್ಲ. ಹಾಗಾಗಿ ಸ್ಟೆಂಟ್ ಹಾಕಿಸಿಕೊಂಡು ಒಂದೆರಡು ದಿನಕ್ಕೇ ಮನೆಗೆ ಬಂದವರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ.

ನಮ್ಮ ಕಡೆ ಒಂದು ರೂಢಿ ಇದೆ. ಮಕ್ಕಳು ಡಾಕ್ಟರ ಕೋಣೆಗೆ ಮೊದಲೇ ಹೋಗಿ, "ಅಪ್ಪಂಗೆ ಏನೂ ಹೇಳ್ಬೇಡಿ ಸಾರ್, ಹೆದರ್ಕೊಳ್ತಾರೆ" ಅಂತ ಕೇಳಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಈ ಆಪರೇಷನ್ನಿನಲ್ಲಿ ಅದರಿಂದ ನಷ್ಟವೇ ಜಾಸ್ತಿ. ಡಾಕ್ಟರ ಕೆಲಸ ಕೆಲವು ಗಂಟೆಗಳದ್ದು, ಪೇಷಂಟಿನ ಕೆಲಸ ಆಮೇಲೆ ಎರಡು ಮೂರು ತಿಂಗಳದ್ದು. ಏನಾಗುತ್ತದೆ ಅಂತ ಗೊತ್ತಿಲ್ಲದ ಮನುಷ್ಯ ಐಸಿಯುನಲ್ಲಿ ಕಣ್ಣು ಬಿಟ್ಟಾಗ ಇನ್ನೂ ಜಾಸ್ತಿ ಹೆದರುತ್ತಾನೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಹಿಡಿಯುತ್ತದೆ. ಮಿಡಿಯುತ್ತಿರುವ ಹೃದಯದೊಳಗೆ ಹೊಲಿಗೆ ಹಾಕುವುದು ಕಷ್ಟ. ಅದಕ್ಕೇ ಹಾರ್ಟ್-ಲಂಗ್ ಮೆಷಿನ್ ಬೇಕು. ಹೃದಯಕ್ಕೆ ಬರುವ ರಕ್ತವನ್ನು ಪೈಪಿನಲ್ಲಿ ಹೊರಗೆ ತಂದು, ಆಮ್ಲಜನಕ ಸೇರಿಸಿ, ಮತ್ತೆ ದೊಡ್ಡ ರಕ್ತನಾಳಕ್ಕೆ ಪಂಪ್ ಮಾಡುವುದು ಇದರ ಕೆಲಸ. ಅಷ್ಟು ಹೊತ್ತು ಪೊಟ್ಯಾಸಿಯಂ ಇರುವ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸಿರುತ್ತಾರೆ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಈ ಮೆಷಿನ್ ನೆಚ್ಚಿಕೊಂಡು 18 ವರ್ಷದ ಹುಡುಗಿಯ ಹೃದಯದ ತೂತು ಮುಚ್ಚಿದರು. 26 ನಿಮಿಷ ಅವಳ ಜೀವ ಪೂರ್ತಿ ಆ ಮೆಷಿನ್ ಮೇಲೇ ಇತ್ತು. ಆಕೆ ಬದುಕಿದಳು. ಈಗ ಇದು ದೊಡ್ಡ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ.

ಬೈಪಾಸಿನಲ್ಲಿ ಹೃದಯದ ಒಳಗೆ ಕೈ ಹಾಕುವುದಿಲ್ಲ. ಕಟ್ಟಿಕೊಂಡ ನಾಳಗಳು ಹೃದಯದ ಹೊರಮೈ ಮೇಲೆಯೇ ಇರುತ್ತವೆ. ಎದೆಯ ಒಳಗಿನ ಒಂದು ನಾಳ, ಕಾಲಿನ ಅಥವಾ ಮುಂಗೈನ ನಾಳ ತೆಗೆದುಕೊಂಡು ಕಟ್ಟಿದ ಜಾಗ ದಾಟಿಸಿ ಜೋಡಿಸುತ್ತಾರೆ. ನಮ್ಮ ದೇಶದಲ್ಲಿ ಎಷ್ಟೋ ಬೈಪಾಸ್‌ಗಳು ಮೆಷಿನ್ ಇಲ್ಲದೆ, ಹೃದಯ ಮಿಡಿಯುತ್ತಿರುವಾಗಲೇ ಆಗುತ್ತವೆ. ನಿಮ್ಮದು ಯಾವ ರೀತಿಯದು ಅಂತ ಸರ್ಜನ್ ಹತ್ತಿರ ಕೇಳಿ. ಅಪಾಯ ಎಷ್ಟು ಅಂತಲೂ ಕೇಳಿ. ಅದು ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ, ಹೃದಯದ ಪಂಪಿಂಗ್ ಶಕ್ತಿ ಇವುಗಳ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ.

ವಾಲ್ವ್ ಬದಲಾಯಿಸುವವರು ಇನ್ನೊಂದು ಮಾತು ಮೊದಲೇ ಮಾತಾಡಿ ಮುಗಿಸಿಕೊಳ್ಳಬೇಕು. ಲೋಹದ ವಾಲ್ವ್ ಬಹಳ ವರ್ಷ ಬಾಳಿಕೆ ಬರುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ವಾಲ್ವ್‌ಗೆ ಆ ಮಾತ್ರೆ ಸಾಮಾನ್ಯವಾಗಿ ಕೆಲವು ತಿಂಗಳು ಸಾಕು, ಆದರೆ 10-15 ವರ್ಷಕ್ಕೆ ಅದು ಸವೆಯಬಹುದು. ನಮ್ಮಲ್ಲಿ ಚಿಕ್ಕಂದಿನ ಗಂಟಲು ಸೋಂಕಿನಿಂದ ಬರುವ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಡಿಸಿಕೊಂಡ ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ. ರಕ್ತ ತೆಳು ಮಾಡುವ ವಾರ್‌ಫರಿನ್‌ನಂಥ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಆಗಬಹುದು. ಮುಂದೆ ಮಗು ಬೇಕು ಅನ್ನುವ ಆಸೆ ಇದ್ದರೆ ಅತ್ತೆ, ಮಾವ, ಗಂಡ ಯಾರು ಎದುರಿಗಿದ್ದರೂ ಸಂಕೋಚ ಬಿಟ್ಟು ಆ ಹುಡುಗಿಯೇ ಡಾಕ್ಟರಿಗೆ ಹೇಳಲಿ. ರುಮ್ಯಾಟಿಕ್ ಜ್ವರ ಮರುಕಳಿಸದಿರಲಿ ಅಂತ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರು ವಾಲ್ವ್ ಹಾಕಿಸಿದ ಮಾತ್ರಕ್ಕೆ ನಿಲ್ಲಿಸಬಾರದು. ಅದನ್ನು ಎಷ್ಟು ವರ್ಷ ಅಂತ ಡಾಕ್ಟರೇ ಹೇಳಬೇಕು.

ಆಪರೇಷನ್‌ಗೆ ಮುಂಚೆ ಬೀಡಿ, ಸಿಗರೇಟು, ತಂಬಾಕು ಬಿಡಲೇಬೇಕು. ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಕೆಲವು ಮಾತ್ರೆ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಯಾವುದು, ಯಾವತ್ತು ಅಂತ ಅವರು ಹೇಳಿದ ಮೇಲೆ ಮಾತ್ರ. ಹುಳುಕು ಹಲ್ಲು ಇದ್ದರೆ ವಾಲ್ವ್ ಆಪರೇಷನ್‌ಗೆ ಮೊದಲೇ ತೋರಿಸಿಕೊಳ್ಳುವುದು ಒಳ್ಳೆಯದು. ದುಡ್ಡಿನ ಚಿಂತೆಯೂ ಇರುತ್ತದೆ, ಅಲ್ವಾ? ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ. ಮಂಜೂರಾತಿ ಮುಂಚೆಯೇ ಆಗಬೇಕು.

ಈಗ ಐಸಿಯು. ಎಚ್ಚರ ಆದಾಗ ಬಾಯಲ್ಲಿ ವೆಂಟಿಲೇಟರಿನ ಟ್ಯೂಬ್ ಇರಬಹುದು. ಅದು ಇರುವಷ್ಟು ಹೊತ್ತು ಧ್ವನಿ ಹೊರಡುವುದಿಲ್ಲ. "ಮಾತು ಹೋಯ್ತು" ಅಂತ ಗಾಬರಿ ಬೀಳುವವರು ಇದ್ದಾರೆ. ಟ್ಯೂಬ್ ತೆಗೆದ ಮೇಲೆ ಮಾತು ಬರುತ್ತದೆ, ಒಂದೆರಡು ದಿನ ಗಂಟಲು ಕಟ್ಟಿರುತ್ತದೆ ಅಷ್ಟೇ. ಕೈಗಳನ್ನು ಸಡಿಲವಾಗಿ ಕಟ್ಟಿರಬಹುದು, ನಿದ್ದೆಗಣ್ಣಿನಲ್ಲಿ ಟ್ಯೂಬ್ ಎಳೆದುಕೊಳ್ಳದಿರಲಿ ಅಂತ. ನೋವು, ಬಾಯಾರಿಕೆ, ಉಸಿರಾಟದ ತೊಂದರೆ, ಇವಕ್ಕೆ ಕೈಸನ್ನೆ ಯಾವುದು ಅಂತ ಹಿಂದಿನ ದಿನವೇ ನರ್ಸ್ ಹತ್ತಿರ ಮಾತಾಡಿಕೊಳ್ಳಿ. ಎದೆಯ ಕೆಳಗೆ ರಕ್ತ, ನೀರು ಬಸಿಯುವ ಪೈಪುಗಳು, ಮೂತ್ರದ ಪೈಪು, ಹೃದಯದ ಬಡಿತ ಸರಿಯಿಡಲು ಸಣ್ಣ ತಂತಿ, ಎಲ್ಲ ಇರುತ್ತವೆ. ಒಂದೊಂದಾಗಿ ತೆಗೆಯುತ್ತಾರೆ. ವಯಸ್ಸಾದ ಕೆಲವರು ಈ ದಿನಗಳಲ್ಲಿ ಹಗಲು ರಾತ್ರಿ ತಿಳಿಯದೆ ಏನೇನೋ ಮಾತಾಡುತ್ತಾರೆ. ಮನೆಯವರನ್ನೇ ಗುರುತು ಹಿಡಿಯದೆ ಇರಬಹುದು. ಸಾಮಾನ್ಯವಾಗಿ ಇದು ಕೆಲವು ದಿನದಲ್ಲಿ ಇಳಿಯುತ್ತದೆ. ಅವರ ಕನ್ನಡಕ, ಕಿವಿಯ ಮೆಷಿನ್ ಬೇಗ ಕೊಟ್ಟರೆ ಅನುಕೂಲ.

ಆಮೇಲೆ ಶುರುವಾಗುವುದು ಮೂರು ಚೆಂಡಿನ ಆಟ. ಉಸಿರಿನ ವ್ಯಾಯಾಮಕ್ಕೆ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಅದರಲ್ಲಿ ಮೂರು ಬಣ್ಣದ ಚೆಂಡು. ನಳಿಕೆ ಬಾಯಲ್ಲಿಟ್ಟು ಉಸಿರು ನಿಧಾನವಾಗಿ ಒಳಗೆ ಎಳೆದರೆ ಚೆಂಡು ಏಳುತ್ತದೆ. ಊದಬಾರದು, ಎಳೆಯಬೇಕು. ತುಂಬಾ ಜನ ಊದುತ್ತಾರೆ. ಎದೆ ನೋವು ಅಂತ ಚಿಕ್ಕ ಚಿಕ್ಕ ಉಸಿರು ಬಿಡುತ್ತಾ ಮಲಗಿದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಕೆಮ್ಮುವುದೂ ಬೇಕು. ದಿಂಬನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಂಡು ಕೆಮ್ಮಿದರೆ ನೋವು ಎಷ್ಟೋ ಕಮ್ಮಿ.

ಸೀಳಿದ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲ್ಲಾಡದ ಹಾಗೆ ಇಡುತ್ತೇವೆ. ಎದೆಗೆ ಹಾಗೆ ಮಾಡೋಕೆ ಆಗಲ್ಲ, ಉಸಿರಾಡಬೇಕಲ್ಲ. ಅದಕ್ಕೇ ಉಳಿದ ಎಚ್ಚರಿಕೆ ನಮ್ಮ ಕೈಯಲ್ಲಿ. ನೀರು ತುಂಬಿದ ಕೊಡ, ಮೊಮ್ಮಗು, ಗ್ಯಾಸ್ ಸಿಲಿಂಡರ್ ಯಾವುದನ್ನೂ ಎತ್ತಬೇಡಿ. ನೆಲದ ಮೇಲೆ ಹಾಸಿಗೆ ಬೇಡ, ಮಂಚ ಇರಲಿ. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಭಾರ ಹಾಕದೆ ಏಳಬೇಕು. ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್ ಕಷ್ಟ, ಕುರ್ಚಿ ಥರದ್ದು ಹೊಂದಿಸಿಕೊಳ್ಳಿ. ಸ್ಕೂಟರ್ ಓಡಿಸುವುದೂ ಬೇಡ, ಹಿಂದೆ ಕೂರುವುದೂ ಬೇಡ. ಹೆಂಗಸರು ಮೆತ್ತನೆಯ, ಆಸರೆ ಕೊಡುವ ಬ್ರಾ ಹಾಕಿದರೆ ಗಾಯದ ಮೇಲಿನ ಎಳೆತ ತಪ್ಪುತ್ತದೆ. ಗಂಡ ಹೆಂಡತಿ ಕೂಡುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುವಂತಾಗಿ, ಮೂಳೆ ಕೂಡಿದ ಮೇಲೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಪಥ್ಯ ಅಂತ ಬರೀ ಗಂಜಿ ಕೊಡುವ ಮನೆಗಳಿವೆ. ದಯವಿಟ್ಟು ಬೇಡ. ಗಾಯ ಮಾಯಲು ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕು. ಉಪ್ಪಿನಕಾಯಿ, ಹಪ್ಪಳ ದೂರವಿಡಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಸೊಪ್ಪು ಬಿಡಬೇಕಾಗಿಲ್ಲ, ಆದರೆ ಪ್ರಮಾಣ ಏರುಪೇರಾಗಬಾರದು. ಒಂದು ವಾರ ದಿನಾ ಸೊಪ್ಪಿನ ಸಾರು, ಇನ್ನೊಂದು ವಾರ ಏನೂ ಇಲ್ಲ ಅಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಪರೀಕ್ಷೆಯ ಅಂಕಿ) ಹದ ತಪ್ಪುತ್ತದೆ. ನಾಟಿ ಔಷಧಿ, ಅಂಗಡಿಯ ನೋವಿನ ಮಾತ್ರೆಗಳನ್ನು ಕೇಳದೆ ತಗೋಬಾರದು.

ಕಾರಣವಿಲ್ಲದೆ ಅಳು, ಸಿಡುಕು, ನಿದ್ದೆಗೆಡುವುದು ಇವೂ ಬರುತ್ತವೆ. "ಸುಮ್ನೆ ಧೈರ್ಯವಾಗಿರಿ" ಅಂದರೆ ಸಾಲದು. ಎರಡು ವಾರ ಕಳೆದರೂ ಇಳಿಯದಿದ್ದರೆ ಡಾಕ್ಟರಿಗೆ ಹೇಳಬೇಕು.

ಜ್ವರ, ಗಾಯದಿಂದ ಕೀವು ಅಥವಾ ನೀರು, ಕೆಮ್ಮಿದಾಗ ಎದೆಮೂಳೆ ಟಕ್ ಅನ್ನುವುದು, ಒಂದೆರಡು ದಿನದಲ್ಲೇ ತೂಕ ಏರಿ ಕಾಲು ಊದಿಕೊಳ್ಳುವುದು, ಎದೆ ಡವಡವ ಹೊಡೆದುಕೊಳ್ಳುವುದು, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು, ಉಸಿರು ಸಿಗದಿರುವುದು, ಇದರಲ್ಲಿ ಯಾವುದು ಕಂಡರೂ ಮುಂದಿನ ಚೆಕಪ್ ತಾರೀಖಿಗೆ ಕಾಯಬೇಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಉಳಿದವಕ್ಕೆ ಆಪರೇಷನ್ ಆದ ಆಸ್ಪತ್ರೆಗೆ ಅವತ್ತೇ ಹೇಳಿ.