ದವಡೆ ಕೀಲು ಟಕ್ ಎನ್ನುತ್ತದೆ, ನೋಯುತ್ತದೆ. ಹಲ್ಲು ತೇಯಿಸಬೇಕಾ?

ಓದುಗರ ಪ್ರಶ್ನೆ: ಕೆಲವು ತಿಂಗಳಿಂದ ಬಲಗಿವಿಯ ಮುಂದೆ ನೋವು. ಬಾಯಿ ತೆರೆದರೆ ಟಕ್ ಅಂತ ಸದ್ದು ಬರುತ್ತದೆ. ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದುಕೊಂಡಿರುತ್ತದೆ, ಕಣತಲೆ ಸಿಡಿಯುತ್ತದೆ. ಕಿವಿ ಡಾಕ್ಟರ್ ನೋಡಿ ಕಿವಿ ಚೆನ್ನಾಗಿದೆ ಎಂದರು. ಹಲ್ಲಿನ ಡಾಕ್ಟರೊಬ್ಬರು, ಮೇಲಿನ ಹಲ್ಲು ಕೆಳಗಿನ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಅಲ್ಲಲ್ಲಿ ತೇದು ಸರಿಮಾಡೋಣ ಎನ್ನುತ್ತಿದ್ದಾರೆ. ಮಾಡಿಸಲೇ? ಈ ನೋವು ಹೋಗುತ್ತಾ?

ಉತ್ತರ: ತೇಯಿಸಬೇಡಿ. ಸದ್ಯಕ್ಕಂತೂ ಖಂಡಿತ ಬೇಡ. ತೇದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನೋವು ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ದಾರಿ ಬೇರೆ. ದವಡೆ ಕೀಲಿನ ತೊಂದರೆ ಇರುವ ಹೆಚ್ಚಿನವರಿಗೆ ದೊಡ್ಡ ಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ಅಭ್ಯಾಸ ಬಿಡುವುದು, ದವಡೆಗೆ ವಿಶ್ರಾಂತಿ, ಸ್ವಲ್ಪ ವ್ಯಾಯಾಮ, ಸ್ವಲ್ಪ ತಾಳ್ಮೆ, ಇಷ್ಟರಲ್ಲೇ ಬಹಳ ಜನ ಸುಧಾರಿಸುತ್ತಾರೆ.

ಎರಡೂ ಕಿವಿಯ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆರೆದು ನೋಡಿ. ಬೆರಳಿನ ಕೆಳಗೆ ಏನೋ ಅಲುಗಾಡುತ್ತದಲ್ವಾ, ಅದೇ ದವಡೆ ಕೀಲು. ಡಾಕ್ಟರುಗಳು ಟಿಎಂಜೆ ಎನ್ನುವುದು ಇದಕ್ಕೇ. ಬಾಯಿ ತೆರೆಯಲು ಶುರುಮಾಡಿದಾಗ, ಮೊದಲ 20-25 ಮಿಲಿಮೀಟರಿನಷ್ಟು, ಅದು ಬಾಗಿಲ ತಿರುಗಣೆಯ ಹಾಗೆ ಇದ್ದಲ್ಲೇ ತಿರುಗುತ್ತದೆ. ಇನ್ನೂ ತೆರೆದರೆ ಮೂಳೆಯ ತಲೆ ಮುಂದಕ್ಕೆ ಜಾರುತ್ತದೆ. ಆ ಮೂಳೆಗೂ ಮೇಲಿನ ತಲೆಬುರುಡೆಗೂ ನಡುವೆ ಮೆತ್ತೆಯ ಹಾಗಿರುವ ಒಂದು ಚಿಕ್ಕ ಡಿಸ್ಕ್ ಇದೆ. ಅದೂ ಮೂಳೆಯ ಜೊತೆ ಹಿಂದೆ ಮುಂದೆ ಹೋಗಬೇಕು. ಕೆಲವರಲ್ಲಿ ಅದು ಸ್ವಲ್ಪ ಮುಂದೆ ಸರಿದು ಕೂತಿರುತ್ತದೆ. ಬಾಯಿ ತೆರೆದಾಗ ಮೂಳೆ ಅದರಡಿಗೆ ನುಸುಳುತ್ತದೆ, ಆಗ ಟಕ್ ಅನ್ನುತ್ತದೆ.

ಸದ್ದು ಇದೆ ಎಂದಾಕ್ಷಣ ಕಾಯಿಲೆ ಇದೆ ಎಂದಲ್ಲ. ನೋವೇ ಇಲ್ಲದ ಎಷ್ಟೋ ಜನರ ದವಡೆ ಹೀಗೆ ಸದ್ದು ಮಾಡುತ್ತದೆ. ನೋವಿಲ್ಲ, ಬಾಯಿ ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂದರೆ ಬರೀ ಸದ್ದಿಗೆ ಚಿಕಿತ್ಸೆಯೇ ಬೇಡ. ನೋವು ಹೋದ ಮೇಲೂ ಸದ್ದು ಉಳಿಯಬಹುದು, ಅದರಿಂದ ತೊಂದರೆಯಿಲ್ಲ. ಒಂದೇ ಒಂದು ಮಾತು: ಇನ್ನೂ ಸದ್ದು ಬರುತ್ತಾ ಅಂತ ಪದೇ ಪದೇ ಬಾಯಿ ಅಗಲಿಸಿ ಪರೀಕ್ಷೆ ಮಾಡಬೇಡಿ. ಕೆರಳಿದ ಕೀಲನ್ನು ಅದು ಇನ್ನಷ್ಟು ಕೆರಳಿಸುತ್ತದೆ.

ಹಾಗಾದರೆ ನೋವು ಎಲ್ಲಿಂದ? ಬಹಳಷ್ಟು ಸಲ ಕೀಲಿಗಿಂತ ಜಾಸ್ತಿ ಸ್ನಾಯುಗಳಿಂದ. ಹಲ್ಲು ಕಚ್ಚಿ ಹಿಡಿದು ಕೆನ್ನೆಯ ಹಿಂಭಾಗ ಮುಟ್ಟಿ ನೋಡಿ, ಗಟ್ಟಿಯಾಗಿ ಉಬ್ಬುವ ಸ್ನಾಯು ಸಿಗುತ್ತದೆ. ಕಣತಲೆಯಲ್ಲಿ ಇನ್ನೊಂದು. ಈಗ ಕಚ್ಚುವುದನ್ನು ಬಿಟ್ಟು ಆ ಜಾಗಗಳನ್ನು ಬೆರಳಿಂದ ಒತ್ತಿ. "ನನ್ನ ನೋವು ಇದೇ" ಅನಿಸಿದರೆ ಸ್ನಾಯುವಿನ ಪಾತ್ರ ದೊಡ್ಡದು. ಬೆಳಗಿನ ಬಿಗಿತ, ಕಣತಲೆ ಸಿಡಿತ ಎಂದು ನೀವು ಬರೆದಿದ್ದೀರಿ. ಅದೂ ಈ ಕಡೆಗೇ ಬೆರಳು ತೋರಿಸುತ್ತದೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು.

ಕಿವಿ ಚೆನ್ನಾಗಿದ್ದೂ ಕಿವಿ ನೋಯುವುದಕ್ಕೆ ಕಾರಣ ಇದೆ. ದವಡೆ ಕೀಲಿಗೆ ಹೋಗುವ ನರದ ಕವಲೇ ಕಿವಿಯ ಒಂದು ಭಾಗಕ್ಕೂ ಹೋಗುತ್ತದೆ. ಹಾಗೇ ಕೆನ್ನೆಯ ಸ್ನಾಯುವಿನ ನೋವು ಹಲ್ಲುನೋವಿನ ರೂಪದಲ್ಲೂ ಕಾಣಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ಅಲ್ಲೇ ಉಳಿದು, ಪಕ್ಕದ ಹಲ್ಲಿಗೂ ಕೈಹಾಕಿಸಿಕೊಂಡವರು ಇದ್ದಾರೆ. ಇದು ನಿಜಕ್ಕೂ ಬೇಸರದ ವಿಷಯ. ಹಲ್ಲಿನಲ್ಲಿ ಹುಳುಕೋ ಸೋಂಕೋ ಕಣ್ಣಿಗೆ ಕಾಣದಿದ್ದರೆ, ಹಲ್ಲಿಗೆ ಕೈಹಾಕುವ ಮೊದಲು ದವಡೆ ಸ್ನಾಯುಗಳನ್ನು ಒತ್ತಿ ನೋಡಿ ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಈಗ ಹಲ್ಲು ತೇಯುವ ವಿಷಯ. ಹಲ್ಲುಗಳ ಹೊಂದಾಣಿಕೆ ಸರಿಯಿಲ್ಲದಿರುವುದೇ ಎಲ್ಲದಕ್ಕೂ ಮೂಲ ಎಂಬ ಯೋಚನೆ ಹಳೆಯದು. ಜೇಮ್ಸ್ ಕಾಸ್ಟೆನ್ ಎಂಬ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು 1934ರಲ್ಲಿ, ಕಿವಿ ನೋವು, ಕಿವಿಯಲ್ಲಿ ಗುಂಯ್ ಎನ್ನುವುದು, ತಲೆನೋವು ಇವೆಲ್ಲ ಹಲ್ಲು ಕಳೆದುಕೊಂಡು ದವಡೆ ಮೇಲಕ್ಕೆ ಸರಿಯುವುದರಿಂದ ಬರುತ್ತವೆ ಎಂದು ಬರೆದರು. ಅಲ್ಲಿಂದ ಮುಂದೆ ದಶಕಗಳ ಕಾಲ ಹಲ್ಲು ತೇಯುವುದು, ಸಾಲಾಗಿ ಕ್ಯಾಪ್ ಹಾಕುವುದು, ತಂತಿ ಕಟ್ಟಿ ಜರುಗಿಸುವುದು ನಡೆಯಿತು. ಆಮೇಲೆ ಬಂದ ಅಧ್ಯಯನಗಳು ಈ ಯೋಚನೆಯ ಬೆನ್ನಿಗೆ ನಿಲ್ಲಲಿಲ್ಲ. ಹಲ್ಲುಸಾಲು ಸೊಟ್ಟಗಿದ್ದೂ ಒಂದು ದಿನವೂ ದವಡೆ ನೋಯದವರು ಬೇಕಾದಷ್ಟು ಜನ. ಹಲ್ಲುಸಾಲು ಅಚ್ಚುಕಟ್ಟಾಗಿದ್ದೂ ನರಳುವವರು ಬೇಕಾದಷ್ಟು ಜನ. ಒಂದು ಸಂದರ್ಭ ಮಾತ್ರ ಬೇರೆ: ಹೊಸದಾಗಿ ಹಾಕಿದ ಫಿಲ್ಲಿಂಗೋ ಕ್ಯಾಪೋ ಎತ್ತರವಾಗಿ, ಅವತ್ತಿನಿಂದಲೇ ನೋವು ಶುರುವಾಗಿದ್ದರೆ, ಆ ಫಿಲ್ಲಿಂಗನ್ನು ಸರಿಮಾಡಿಸುವುದು ಸರಿಯೇ. ಅಲ್ಲಿ ತೇಯುವುದು ಹಾಕಿದ ವಸ್ತುವನ್ನು, ನಿಮ್ಮ ಹಲ್ಲನ್ನಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಹಗಲಿನ ಅಭ್ಯಾಸ. ಸುಮ್ನೆ ಕೂತಿರುವಾಗ ನಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಕೊಂಚ ಜಾಗ ಇರಬೇಕು. ಅಗಿಯುವುದು, ನುಂಗುವುದು ಎಲ್ಲ ಸೇರಿ ಇಡೀ ದಿನದಲ್ಲಿ ಹಲ್ಲುಗಳು ತಾಗುವುದು ಅಂದಾಜು 20 ನಿಮಿಷದಷ್ಟೇ. ಆದರೆ ಕಂಪ್ಯೂಟರ್ ಮುಂದೆ ಕೂತಾಗ, ಗಾಡಿ ಓಡಿಸುವಾಗ, ಭಾರ ಎತ್ತುವಾಗ, ಸಿಟ್ಟು ನುಂಗಿಕೊಂಡಾಗ ಎಷ್ಟೋ ಜನ ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತಾರೆ. ಗಟ್ಟಿಯಾಗಿ ಕಚ್ಚಬೇಕೆಂದೇ ಇಲ್ಲ. ಹಗುರವಾಗಿ ತಾಗಿಸಿಕೊಂಡು ಗಂಟೆಗಟ್ಟಲೆ ಇದ್ದರೂ ಸ್ನಾಯು ಸೋಲುತ್ತದೆ. ಈಗ ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲು ತಾಗಿದೆಯಾ, ನೋಡಿಕೊಳ್ಳಿ.

ಬಿಡಿಸುವ ಉಪಾಯ ಸುಲಭ. ಮೆಲ್ಲಗೆ "ನ" ಎನ್ನಿ. ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಹೋಗಿ ಕೂರುತ್ತದೆ, ದವಡೆ ತಾನಾಗೇ ಸಡಿಲವಾಗುತ್ತದೆ. ನಾಲಿಗೆಯನ್ನು ಅಲ್ಲೇ ಬಿಟ್ಟು ತುಟಿ ಮುಚ್ಚಿ, ಮೂಗಿನಿಂದ ಉಸಿರಾಡಿ. ದವಡೆ ಇರಬೇಕಾದ ಜಾಗ ಅದು. ಇದು ನೆನಪಿಗೆ ಬರಲು ಕಣ್ಣಿಗೆ ಬೀಳುವ ಏನಾದರೊಂದು ಗುರುತು ಇಟ್ಟುಕೊಳ್ಳಿ. ಕಂಪ್ಯೂಟರ್ ಮೂಲೆಗೆ ಅಂಟಿಸಿದ ಚಿಕ್ಕ ಚುಕ್ಕಿ ಆಗಬಹುದು, ಫೋನ್ ರಿಂಗಣಿಸುವುದು ಆಗಬಹುದು. ಅದು ಕಂಡಾಗಲೆಲ್ಲ, ಕೇಳಿದಾಗಲೆಲ್ಲ ಹಲ್ಲು ಬಿಡಿಸಿ, ಹೆಗಲು ಇಳಿಸಿ. ವಾರಗಟ್ಟಲೆ ಬಿಡದೆ ಮಾಡಿದರೆ ಅಭ್ಯಾಸ ಬದಲಾಗುತ್ತದೆ. ಮೊದಮೊದಲು ಎಷ್ಟು ಸಲ ಕಚ್ಚಿಕೊಂಡು ಸಿಕ್ಕಿಬೀಳುತ್ತೀರೆಂದು ನೋಡಿದರೆ ಗಾಬರಿಯಾಗಬಹುದು. ಗಾಬರಿ ಬೇಡ, ಗಮನಕ್ಕೆ ಬರುತ್ತಿದೆ ಎಂದರೇ ಅರ್ಧ ಕೆಲಸ ಆದಂತೆ.

ಜೊತೆಗೆ ಉಗುರು ಕಚ್ಚುವುದು, ಪೆನ್ನು ಕಡಿಯುವುದು, ಅಂಗೈ ಮೇಲೆ ಗದ್ದ ಊರಿ ಕೂರುವುದು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸುವುದು ಬಿಡಿ. ಚೂಯಿಂಗ್ ಗಮ್ ಪೂರ್ತಿ ಬಿಡಿ. ನೋವು ಜೋರಾಗಿರುವ ಕೆಲವು ದಿನ ಮೆತ್ತಗಿನ ಊಟ ಮಾಡಿ, ಚಿಕ್ಕ ತುತ್ತು, ಎರಡೂ ಬದಿಯಲ್ಲಿ ಅಗಿಯಿರಿ. ಆದರೆ ತಿಂಗಳುಗಟ್ಟಲೆ ಗಂಜಿ-ಸೂಪಿನ ಮೇಲೇ ಇರಬೇಡಿ. ಕೆಲಸವೇ ಇಲ್ಲದಿದ್ದರೆ ಸ್ನಾಯು ಇನ್ನೂ ದುರ್ಬಲವಾಗುತ್ತದೆ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಿಟ್ಟುಕೊಂಡರೆ ಬಾಯಿ ಅತಿಯಾಗಿ ಅಗಲವಾಗುವುದಿಲ್ಲ.

ದಿನಕ್ಕೆ ಎರಡು ಮೂರು ಸಲ, 15-20 ನಿಮಿಷ, ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಕೆನ್ನೆಗೂ ಕಣತಲೆಗೂ ಹಿತ ಕೊಡುತ್ತದೆ. ಶಾಖದ ನಂತರ ಬೆರಳಿಂದ ವೃತ್ತಾಕಾರವಾಗಿ ಮೃದುವಾಗಿ ತಿಕ್ಕಿ. ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಕೊಂಡೇ, ಅದು ಬಿಡದಷ್ಟು ಮಾತ್ರ, ಬಾಯಿಯನ್ನು ನಿಧಾನಕ್ಕೆ ನೇರವಾಗಿ ತೆರೆದು ಮುಚ್ಚಿ. ಒಂದು ಸಲಕ್ಕೆ ಐದಾರು ಬಾರಿ ಸಾಕು. ಕನ್ನಡಿ ಮುಂದೆ ಮಾಡಿದರೆ ದವಡೆ ಒಂದು ಬದಿಗೆ ವಾಲುವುದು ಕಾಣುತ್ತದೆ. ನೋವು ಏರುವ ತನಕ ಮಾಡಬೇಡಿ. ದವಡೆ ಮತ್ತು ಕುತ್ತಿಗೆಯ ಕೆಲಸ ಬಲ್ಲ ಫಿಸಿಯೋಥೆರಪಿಸ್ಟ್ ಸಿಕ್ಕಿದರೆ ಅವರ ಕೈಯಲ್ಲಿ ಕಲಿಯುವುದು ಇನ್ನೂ ಒಳ್ಳೆಯದು.

ಇದು ನನ್ನೊಬ್ಬನ ಮಾತಲ್ಲ. 2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ, ಬಹುಕಾಲದ ದವಡೆ ಕೀಲು ನೋವಿಗೆ ಒಂದು ಮಾರ್ಗಸೂಚಿ ಬಂತು. ಅದು ಬಲವಾಗಿ ಶಿಫಾರಸು ಮಾಡಿದ್ದು ಇಂಥವನ್ನೇ: ತಿಳಿದವರ ಉಸ್ತುವಾರಿಯಲ್ಲಿ ದವಡೆ ವ್ಯಾಯಾಮ, ಕೂರುವ ನಿಲ್ಲುವ ಭಂಗಿಯ ವ್ಯಾಯಾಮ, ಕೈಯಿಂದ ಕೀಲು ಮತ್ತು ಸ್ನಾಯು ಸಡಿಲಿಸುವುದು, ಮನೆಯಲ್ಲೇ ಮಾಡುವ ಆರೈಕೆ, ಮತ್ತು ನೋವಿನ ಬಗೆಗಿನ ಯೋಚನೆ-ನಡವಳಿಕೆಯನ್ನು ಬದಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಹಲ್ಲುಗಳ ಹೊಂದಾಣಿಕೆಯನ್ನು ಶಾಶ್ವತವಾಗಿ ಬದಲಿಸುವಂಥ, ಹಲ್ಲಿನ ಮೇಲೆ ಕೂರಿಸುವ ಸ್ಪ್ಲಿಂಟ್‌ಗಳನ್ನು, ಡಿಸ್ಕನ್ನೇ ತೆಗೆದುಹಾಕುವ ಆಪರೇಷನ್ನನ್ನು ಅದು ಬಲವಾಗಿ ಬೇಡ ಎಂದಿತು.

ಮಾತಿನ ಚಿಕಿತ್ಸೆ ಎಂದಾಗ ಕೆಲವರಿಗೆ ಬೇಜಾರಾಗುತ್ತದೆ, "ನೋವು ನನ್ನ ಭ್ರಮೆ ಅಂತಾನಾ?" ಎನ್ನುತ್ತಾರೆ. ಅಲ್ಲ. ನೋವು ನಿಜ. ಆದರೆ ನಿದ್ದೆ ಕೆಟ್ಟಾಗ, ಒತ್ತಡ ಹೆಚ್ಚಾದಾಗ ಸ್ನಾಯು ಬಿಗಿಯುತ್ತದೆ, ನರಮಂಡಲ ಸಣ್ಣ ನೋವನ್ನೂ ದೊಡ್ಡದಾಗಿ ತೋರಿಸುತ್ತದೆ. ಸೊಂಟ, ಕುತ್ತಿಗೆ, ತಲೆ ಹೀಗೆ ಬೇರೆ ಕಡೆ ನೋವಿರುವವರಲ್ಲಿ ದವಡೆ ನೋವೂ ಜಾಸ್ತಿ. ಹಾಗಾಗಿ ನಿದ್ದೆಯನ್ನು ಸರಿಮಾಡಿಕೊಳ್ಳುವುದು ದವಡೆಯ ಚಿಕಿತ್ಸೆಯೇ. ರಾತ್ರಿ ಜೋರು ಗೊರಕೆ, ಉಸಿರು ಕಟ್ಟಿ ಎಚ್ಚರವಾಗುವುದು ಇದ್ದರೆ ಅದನ್ನು ಬೇರೆಯಾಗಿ ತೋರಿಸಿ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಹೆಚ್ಚಬಹುದು. ಅನುಮಾನ ಬಂದರೆ ಮಾತ್ರೆ ಬರೆದ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ.

ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಹಲ್ಲು ಸವೆಯದಂತೆ ಕಾಪಾಡುತ್ತದೆ, ಕೆಲವರಿಗೆ ಬೆಳಗಿನ ಬಿಗಿತವೂ ಕಡಿಮೆಯಾಗುತ್ತದೆ. ಕಡಿಯುವುದನ್ನು ಅದು ನಿಲ್ಲಿಸುವುದಿಲ್ಲ, ನೋವಿಗೆ ಅದರ ಉಪಯೋಗದ ಪುರಾವೆ ಗಟ್ಟಿಯಿಲ್ಲ. ಬಿಎಂಜೆ ಮಾರ್ಗಸೂಚಿಯೂ ಅದರ ಬಗ್ಗೆ ಉತ್ಸಾಹ ತೋರಿಸಲಿಲ್ಲ. ಹಲ್ಲು ಸವೆದಿದ್ದರೆ ಮಾಡಿಸಿ, ರಾತ್ರಿ ಮಾತ್ರ ಹಾಕಿ. ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವಂಥದ್ದೇ ಇರಲಿ. ಕೆಲವೇ ಹಲ್ಲಿನ ಮೇಲೆ ಕೂರುವುದನ್ನು ಬಹಳ ಕಾಲ ಹಾಕಿದರೆ ಉಳಿದ ಹಲ್ಲುಗಳು ಜಾಗ ಬದಲಿಸಬಹುದು.

ಮಾತ್ರೆಗಳಲ್ಲಿ ಐಬುಪ್ರೊಫೆನ್ ತರಹದವು ಕೆಲವು ದಿನದ ಮಟ್ಟಿಗೆ ಸಹಾಯ ಮಾಡಬಹುದು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ತಗೋಬೇಡಿ. ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದನ್ನು ಮೊದಲ ಚಿಕಿತ್ಸೆ ಎಂದು ಒಪ್ಪಬೇಡಿ.

ಸ್ಕ್ಯಾನ್ ಎಲ್ಲರಿಗೂ ಬೇಡ. ನೋವಿಲ್ಲದವರ ಎಂಆರ್‌ಐಯಲ್ಲೂ ಡಿಸ್ಕ್ ಸರಿದಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆ ಚಿತ್ರ ನೋಡಿ ಹೆದರಿ ಆಪರೇಷನ್ ಮೇಜಿಗೆ ಹೋಗಬಾರದು. ಅಮೆರಿಕದಲ್ಲಿ 1980ರ ದಶಕದಲ್ಲಿ ಡಿಸ್ಕ್ ತೆಗೆದು ಟೆಫ್ಲಾನ್ ಇಂಪ್ಲಾಂಟ್ ಕೂರಿಸುವುದು ಚಾಲ್ತಿಗೆ ಬಂತು. ಅವು ಒಳಗೇ ಪುಡಿಯಾಗಿ ಸುತ್ತಲ ಮೂಳೆಯನ್ನು ತಿಂದವು. 1990ರ ದಶಕದ ಶುರುವಿನಲ್ಲಿ ಅವನ್ನು ಹಿಂದಕ್ಕೆ ತರಿಸಬೇಕಾಯಿತು. ಚಿಕ್ಕ ತೊಂದರೆಗೆ ಹೋದ ಎಷ್ಟೋ ಜನ ಬದುಕಿಡೀ ನೋವು ಹೊತ್ತರು. ಹಾಗೆಂದು ಆಪರೇಷನ್ನೇ ತಪ್ಪು ಎಂದಲ್ಲ. ಸಂಧಿವಾತದಿಂದ ಕೀಲು ಹಾಳಾಗಿದ್ದರೆ, ಮೂಳೆ ಬೆಸೆದುಕೊಂಡು ಬಾಯೇ ತೆರೆಯದಿದ್ದರೆ ಅದು ಬೇಕಾಗುತ್ತದೆ.

ಯಾವಾಗ ಕಾಯಬಾರದು ಎಂಬುದನ್ನೂ ಹೇಳಬೇಕು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಂತು ಹಲ್ಲುಗಳ ನಡುವೆ ಹಿಡಿಯುತ್ತಿದ್ದದ್ದು ಈಗ ಎರಡೂ ಹಿಡಿಯದಿದ್ದರೆ, ಟಕ್ ಸದ್ದು ನಿಂತು ಅವತ್ತೇ ಬಾಯಿ ತೆರೆಯಲಾಗದಿದ್ದರೆ, ಬೇಗ ತೋರಿಸಿ. ತೆರೆದ ಬಾಯಿ ಮುಚ್ಚಲಾಗದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಕೆನ್ನೆ ಊದಿ ಜ್ವರ ಬಂದರೆ, ಮುಖ ಜೋಮು ಹಿಡಿದರೆ, ಗಂಟು ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡಬೇಡಿ. ವಯಸ್ಸು 50 ದಾಟಿದೆ, ಹೊಸದಾಗಿ ತಲೆನೋವು, ತಲೆ ಬಾಚಿದರೂ ನೋವು, ಅಗಿಯುತ್ತಾ ಹೋದಂತೆ ದವಡೆ ಸೋಲುತ್ತದೆ, ಕಣ್ಣು ಮಂಜಾಗುತ್ತದೆ ಅಂದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ಕಣ್ಣೇ ಹೋಗುತ್ತದೆ, ಅವತ್ತೇ ಹೋಗಿ. ಮೆಟ್ಟಿಲು ಹತ್ತಿದಾಗ ದವಡೆ ನೋವು, ಜೊತೆಗೆ ಎದೆ ಭಾರ, ಬೆವರು, ಏದುಸಿರು ಇದ್ದರೆ ಅದು ಹೃದಯದ್ದು ಎಂದೇ ತಿಳಿದು ತುರ್ತು ಚಿಕಿತ್ಸೆಗೆ ಓಡಿ.

ನೀವು ಬರೆದದ್ದರಲ್ಲಿ ಇವ್ಯಾವುವೂ ಇಲ್ಲ. ಆದರೂ ದವಡೆ ನೋವು ನೋಡಿ ಅನುಭವ ಇರುವ ಒಬ್ಬ ವೈದ್ಯರಿಗೆ ಒಮ್ಮೆ ತೋರಿಸಿ, ಅವರು ಮುಟ್ಟಿ ಅಳೆದು ನೋಡಲಿ. ಮೇಲೆ ಹೇಳಿದ್ದನ್ನು ಆರರಿಂದ ಎಂಟು ವಾರ ಬಿಡದೆ ಮಾಡಿ. ನಡುವೆ ಮತ್ತೆ ನೋವು ಕೆರಳುವ ದಿನಗಳು ಬರುತ್ತವೆ. ನಿದ್ದೆ ಕೆಟ್ಟ ವಾರ, ಹಲ್ಲಿನ ಡಾಕ್ಟರ ಹತ್ತಿರ ಬಹಳ ಹೊತ್ತು ಬಾಯಿ ತೆರೆದು ಮಲಗಿದ ಮರುದಿನ ಅದು ಸಹಜ. ಅಂಥ ಭೇಟಿಗೆ ಮೊದಲೇ, ನಡುನಡುವೆ ಬಿಡುವು ಕೊಡಿ ಎಂದು ಹೇಳಿಬಿಡಿ. ಕೆರಳಿದಾಗ ಎರಡು ಮೂರು ದಿನ ಮೆತ್ತಗಿನ ಊಟ, ಶಾಖ, ಕಡಿಮೆ ಮಾತು. ಇಳಿದ ಮೇಲೆ ಮತ್ತೆ ವ್ಯಾಯಾಮ ಶುರುಮಾಡಿ.