ಬಾಡಿಗೆ 24 ಸಾವಿರ, ಇಎಂಐ 52 ಸಾವಿರ: ಯಾವುದು ದಂಡ?

ಪ್ರಶ್ನೆ: ಬೆಂಗಳೂರಿನ ಉತ್ತರಹಳ್ಳಿ ಕಡೆ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ 24 ಸಾವಿರ ಬಾಡಿಗೆಗೆ ಇದ್ದೇವೆ. ಅದೇ ಬಿಲ್ಡಿಂಗಿನಲ್ಲಿ ಇಂಥದ್ದೇ ಒಂದು ಫ್ಲಾಟ್ 80 ಲಕ್ಷಕ್ಕೆ ಮಾರಾಟಕ್ಕಿದೆ. ಬಾಡಿಗೆ ಕಟ್ಟೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ತಗೊಂಡುಬಿಡಿ ಅಂತಾರೆ ಮಾವನವರು. ಏನು ಮಾಡಲಿ?

ಉತ್ತರ: ಮಾವನವರ ಮಾತು ಅರ್ಧ ಸರಿ. ಬಾಡಿಗೆ ವಾಪಸ್ ಬರುವುದಿಲ್ಲ, ನಿಜ. ಬ್ಯಾಂಕಿಗೆ ಕಟ್ಟುವ ಬಡ್ಡಿ ಮಾತ್ರ ಬರುತ್ತದಾ?

ನಿಮ್ಮ ಲೆಕ್ಕವನ್ನೇ ಹಾಕೋಣ. 20 ಲಕ್ಷ ಕೈಯಿಂದ ಹಾಕಿ 60 ಲಕ್ಷ ಸಾಲ ತಗೊಂಡರೆ, 8.5% ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ ಸುಮಾರು 52 ಸಾವಿರ. ಮೊದಲ ಕಂತಿನಲ್ಲಿ 42,500 ರೂಪಾಯಿ ಬರೀ ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ಒಂಬತ್ತೂವರೆ ಸಾವಿರ ಅಷ್ಟೇ. ಐದು ವರ್ಷ ತಪ್ಪದೆ ಕಟ್ಟಿ, ಒಟ್ಟು 31 ಲಕ್ಷ ಕೊಟ್ಟ ಮೇಲೂ ಸುಮಾರು 53 ಲಕ್ಷ ಸಾಲ ಹಾಗೇ ಇರುತ್ತದೆ. ನಂಬಿಕೆ ಬರದಿದ್ದರೆ ಬ್ಯಾಂಕಿನವರ ಹತ್ತಿರ ಕಂತಿನ ಪಟ್ಟಿ ಕೇಳಿ ನೋಡಿ. ಹಾಗಾಗಿ ಬಾಡಿಗೆಯನ್ನು ಇಎಂಐ ಜೊತೆ ಹೋಲಿಸಬೇಡಿ, ಬಡ್ಡಿಯ ಜೊತೆ ಹೋಲಿಸಿ: 24 ಸಾವಿರ ದಂಡವಾ, 42 ಸಾವಿರ ದಂಡವಾ?

ಇದರ ಮೇಲೆ ನೋಂದಣಿ ಖರ್ಚು. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ 1ರಿಂದ 2 ಪರ್ಸೆಂಟಿಗೆ ಏರಿರುವ ನೋಂದಣಿ ಶುಲ್ಕ, ಎಲ್ಲ ಸೇರಿ 7.6%. ನಿಮಗೆ ಆರು ಲಕ್ಷ ದಾಟುತ್ತದೆ, ಮತ್ತು ಇದಕ್ಕೆ ಸಾಮಾನ್ಯವಾಗಿ ಬ್ಯಾಂಕು ಸಾಲ ಕೊಡುವುದಿಲ್ಲ. ಎರಡು ವರ್ಷಕ್ಕೆ ಮನಸ್ಸು ಬದಲಾಗಿ ಮಾರಿದರೆ ಈ ದುಡ್ಡು ಹೋಯಿತು ಅಂತಲೇ ಲೆಕ್ಕ.

ಹಾಗಾದರೆ ಬಾಡಿಗೆಯೇ ವಾಸಿನಾ? ಅಲ್ಲೇ ಇರೋದು ಸ್ವಾರಸ್ಯ. ಬಡ್ಡಿ ವರ್ಷ ವರ್ಷ ಇಳಿಯುತ್ತದೆ, ಬಾಡಿಗೆ ಏರುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಓನರ್ 5% ಏರಿಸುತ್ತಾರೆ ಅಂತ ಇಟ್ಟುಕೊಂಡರೆ, ಹೆಚ್ಚುಕಮ್ಮಿ ಏಳನೇ ವರ್ಷದ ಕೊನೆಗೆ ಎರಡೂ 34 ಸಾವಿರದ ಆಸುಪಾಸಿಗೆ ಬಂದು ನಿಲ್ಲುತ್ತವೆ. ಅಲ್ಲಿಂದಾಚೆಗೆ ಕೊಂಡವರ ಕೈ ಮೇಲು. ಹಾಕಿದ 26 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿ, ತಿಂಗಳ ಮೇಂಟೆನೆನ್ಸ್ ಎಲ್ಲ ಸೇರಿಸಿದರೆ ಎರಡೂ ಸಮವಾಗುವ ಆ ಗೆರೆ ಇನ್ನೂ ಮುಂದಕ್ಕೆ ಹೋಗುತ್ತದೆ, ಫ್ಲಾಟಿನ ಬೆಲೆ ಏರಿದರೆ ಹಿಂದಕ್ಕೆ. ತೆರಿಗೆ ಉಳಿತಾಯದ ಆಸೆ ಜಾಸ್ತಿ ಬೇಡ, ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ ನೀವೇ ವಾಸವಿರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ.

ಆದ್ದರಿಂದ ನಾನು ಕೇಳುವುದು ಒಂದೇ: ಇನ್ನು ಎಂಟು ಹತ್ತು ವರ್ಷ ಉತ್ತರಹಳ್ಳಿಯಲ್ಲೇ ಇರುತ್ತೀರಾ? ಆಫೀಸು ವೈಟ್‌ಫೀಲ್ಡಿಗೋ ಮಾನ್ಯತಾ ಟೆಕ್ ಪಾರ್ಕ್ ಕಡೆಗೋ ಎತ್ತಂಗಡಿ ಆದರೆ ಬಾಡಿಗೆಯವರು ಗಾಡಿ ಕರೆಸಿ ಸಾಮಾನು ತುಂಬಿ ಹೊರಡಬಹುದು, ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಬೈದುಕೊಂಡು ಸುಮ್ಮನಾಗಬಹುದು. ಫ್ಲಾಟ್ ಕೊಂಡ ಮೇಲೆ ನಿಮಗೆ ಹಾಗೆ ಹೊರಡೋಕೆ ಆಗಲ್ಲ, ಔಟರ್ ರಿಂಗ್ ರೋಡಿನ ಟ್ರಾಫಿಕ್ಕೇ ಗತಿ. ಅದೇ ಮಕ್ಕಳ ಸ್ಕೂಲು ಅಲ್ಲೇ ಇದೆ, ಕೆಲಸ ಗಟ್ಟಿ, ಇಎಂಐ ಕಟ್ಟಿದ ಮೇಲೂ ಆರು ತಿಂಗಳ ಖರ್ಚು ಕೈಯಲ್ಲಿ ಉಳಿಯುತ್ತದೆ ಅಂದರೆ ತಗೊಳ್ಳಿ. ‘ಮಗನ ಮದುವೆ, ಮನೆ ಖಾಲಿ ಮಾಡಿ’ ಅನ್ನೋ ಫೋನು ಬರುವುದಿಲ್ಲ ಅನ್ನೋದಕ್ಕೂ ಒಂದು ಬೆಲೆ ಇದೆ ಅಲ್ವಾ.

ಅದೇ ಬಿಲ್ಡಿಂಗಿನಲ್ಲಿ ಇರೋದು ನಿಮಗೊಂದು ಅನುಕೂಲ. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಕಾವೇರಿ ಕನೆಕ್ಷನ್ ಇದೆಯಾ ಅಂತ ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಕಾಗದಪತ್ರ. ಪಾಲಿಕೆಯ ಆಸ್ತಿ ದಾಖಲೆಯಲ್ಲಿ ಎ ಖಾತಾನಾ (ಪೂರ್ತಿ ಸಕ್ರಮ) ಬಿ ಖಾತಾನಾ (ನಿಯಮದಲ್ಲಿ ಕೊರತೆ ಇರೋದು), ಅದರ ಡಿಜಿಟಲ್ ರೂಪವಾದ ಇ-ಖಾತಾ ಆಗಿದೆಯಾ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಹಳೇ ಸಾಲ ಏನಾದರೂ ಇದೆಯಾ, ಬಿಲ್ಡಿಂಗಿಗೆ ಒಸಿ (ವಾಸಕ್ಕೆ ಅನುಮತಿ ಪತ್ರ) ಸಿಕ್ಕಿದೆಯಾ ಅಂತ ವಕೀಲರಿಗೆ ತೋರಿಸಿ. ಅದಾಗುವವರೆಗೆ ಮಾವನವರು ಎಷ್ಟೇ ಅವಸರ ಮಾಡಿದರೂ ಟೋಕನ್ ಅಡ್ವಾನ್ಸ್ ಕೊಡಬೇಡಿ.