ಈರುಳ್ಳಿ ಸಿಪ್ಪೆ ತೋರಿಸಿದರೆ ಸಾಲದು, ಉಪ್ಪುನೀರು ಹಾಕಿ

ಜೀವಕೋಶದ ಪಾಠ ಅಂದರೆ ನಮ್ಮಲ್ಲಿ ಈರುಳ್ಳಿ. ಒಳಗಿನ ತೆಳುಪೊರೆ ಬಿಡಿಸಿ, ಬಣ್ಣ ಹಾಕಿ, ಒಬ್ಬೊಬ್ಬರೇ ಮೈಕ್ರೋಸ್ಕೋಪಿನಲ್ಲಿ ಇಣುಕಿ, ಚಿತ್ರ ಬರೆದರೆ ಮುಗಿಯಿತು. ಹೈಸ್ಕೂಲಿನ ಮಕ್ಕಳಿಗೆ ಇದನ್ನು ಮಾಡಿಸುವ ನನಗೆ ಆ ಚಿತ್ರಗಳದ್ದೇ ಚಿಂತೆ. ಮಕ್ಕಳು ಬರೆಯುವುದು ಕಂಡದ್ದನ್ನಲ್ಲ, ಪುಸ್ತಕದಲ್ಲಿ ಇರುವುದನ್ನು. ಕೋಶದೊಳಗಿನ, ಇಲ್ಲಿ ಕಣ್ಣಿಗೇ ಬೀಳದ ಮೈಟೋಕಾಂಡ್ರಿಯಾ ಕೂಡ ಬರೆದಿರುತ್ತಾರೆ! ಕೋಶದ ಹೊರಗೋಡೆಯಾದ ಕೋಶಭಿತ್ತಿಯ ಒಳಗೆ ಇನ್ನೊಂದು ಗೆರೆ ಎಳೆದು ‘ಕೋಶಪೊರೆ’ ಅಂತ ಗುರುತಿಸುತ್ತಾರೆ.

ಆ ಗೆರೆ ಯಾರಿಗೂ ಕಂಡಿರುವುದಿಲ್ಲ. ಪೊರೆಯ ದಪ್ಪ 7-8 ನ್ಯಾನೋಮೀಟರ್ ಅಷ್ಟೇ. ಶಾಲೆಯ ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಿರಲಿ, ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಹಾಗಾದರೆ ಪೊರೆ ಇದೆ ಅಂತ ಮಗು ಯಾಕೆ ನಂಬಬೇಕು? ಮೇಷ್ಟ್ರು ಹೇಳಿದರು ಅಂತಲಾ?

ಅದಕ್ಕೇ ಉಪ್ಪು. ಕೆಂಪು ಈರುಳ್ಳಿಯ ಎಸಳಿನ ಹೊರಮೈಯಿಂದ ನೇರಳೆ ಪದರವನ್ನು ಚಿಮಟದಲ್ಲಿ ತೆಳ್ಳಗೆ ಎಬ್ಬಿಸಿ. ಬಣ್ಣ ಹಾಕುವುದು ಬೇಡ, ಅದರದೇ ಬಣ್ಣ ಇದೆ. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಡಿ. ಇನ್ನೊಂದು ಅಂಚಿನಿಂದ ಕಾಗದದ ಚೂರಿನಲ್ಲಿ ನೀರು ಹೀರಿಸಿ. ಆಮೇಲೆ ಕಣ್ಣು ತೆಗೆಯಬೇಡಿ.

ನೇರಳೆ ಬಣ್ಣ ಮೂಲೆಗಳಿಂದ ಬಿಟ್ಟುಕೊಂಡು ನಡುವಿಗೆ ಸರಿಯುತ್ತದೆ. ಕೋಶಭಿತ್ತಿ ಮಾತ್ರ ಇದ್ದಲ್ಲೇ ಇರುತ್ತದೆ. ಹಳೇ ಫುಟ್‌ಬಾಲ್‌ನಲ್ಲಿ ಗಾಳಿ ಹೋದಾಗ ತೊಗಲಿನೊಳಗೆ ಬ್ಲಾಡರ್ ಕುಗ್ಗುತ್ತದಲ್ಲ, ಹಾಗೆ. ಬಣ್ಣ ಇರುವುದು ಒಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ಹೊರಗೆ ಉಪ್ಪು ಜಾಸ್ತಿಯಾದಾಗ ಒಳಗಿನ ನೀರು ಪೊರೆ ದಾಟಿ ಆಚೆ ಹೋಗುತ್ತದೆ, ಬಣ್ಣ ಹೋಗುವುದಿಲ್ಲ, ಹಾಗಾಗಿ ಅಷ್ಟೇ ಬಣ್ಣ ಕಡಿಮೆ ನೀರಿನಲ್ಲಿ ಉಳಿದು ಇನ್ನೂ ಗಾಢವಾಗಿ ಕಾಣುತ್ತದೆ. ಭಿತ್ತಿಗೂ ಬಣ್ಣಕ್ಕೂ ನಡುವೆ ಖಾಲಿ ಜಾಗ ಬಿತ್ತು ಅಂದರೆ, ನೀರನ್ನು ಬಿಟ್ಟು ಬಣ್ಣವನ್ನು ತಡೆಯುವುದು ಭಿತ್ತಿಯಲ್ಲ, ಒಳಗಿರುವ ಇನ್ನೇನೋ! ಬರೀ ನೀರು ಹಾಯಿಸಿದರೆ ಕೋಶ ಮತ್ತೆ ಉಬ್ಬುತ್ತದೆ. ತುಂಬಾ ಹೊತ್ತು ಉಪ್ಪಿನಲ್ಲಿ ಬಿಟ್ಟರೆ ಸಾಯುತ್ತದೆ, ಆಮೇಲೆ ಉಬ್ಬುವುದಿಲ್ಲ. ಅದನ್ನೂ ತೋರಿಸಿ.

ವಿಜ್ಞಾನಿಗಳು ಪೊರೆಯನ್ನು ಅರಿತದ್ದೂ ಈ ದಾರಿಯಲ್ಲೇ. 1880ರ ದಶಕದಲ್ಲಿ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಹೀಗೆ ಕುಗ್ಗುವ ಸಸ್ಯಕೋಶಗಳನ್ನೇ ತಕ್ಕಡಿ ಮಾಡಿಕೊಂಡು ದ್ರಾವಣಗಳ ಬಲ, ಅಂದರೆ ಅವು ನೀರನ್ನು ಎಳೆದುಕೊಳ್ಳುವ ಶಕ್ತಿ, ಅಳೆದರು. ಆ ಕೆಲಸ ದ್ರಾವಣಗಳ ನಿಯಮ ಹುಡುಕುತ್ತಿದ್ದ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ ಅವರಿಗೆ ದಾರಿಯಾಯಿತು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೇ ಬಂತು. 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಅರ್ನೆಸ್ಟ್ ಓವರ್ಟನ್ ನೂರಾರು ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸಕ್ಕರೆಯ ದ್ರಾವಣದಲ್ಲಿ ಕೋಶ ಕುಗ್ಗುತ್ತದೆ, ಸಕ್ಕರೆಯ ಬದಲು ಆಲ್ಕೊಹಾಲ್ ಬೆರೆಸಿದರೆ ಕುಗ್ಗುವುದಿಲ್ಲ, ಯಾಕೆಂದರೆ ಅದು ಸಲೀಸಾಗಿ ಒಳಗೇ ಹೋಗಿಬಿಡುತ್ತದೆ. ಕೊಬ್ಬಿನಲ್ಲಿ ಕರಗುವಂಥವೇ ಬೇಗ ಒಳಹೋಗುತ್ತವೆ, ಆದ್ದರಿಂದ ಪೊರೆಯೂ ಕೊಬ್ಬಿನಂಥದ್ದು ಅಂತ ಅವರು ತೀರ್ಮಾನಿಸಿದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪೊರೆ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ! ನೋಡುವ ಅರ್ಧ ಶತಮಾನ ಮೊದಲೇ ಅದು ಎಂಥದ್ದು ಅಂತ ಗೊತ್ತಾಗಿತ್ತು.

ಇಷ್ಟು ನೋಡಿದ ಮಕ್ಕಳು ಆಸ್ಪತ್ರೆಯ ಡ್ರಿಪ್ ಬಗ್ಗೆ ಕೇಳಿಯೇ ಕೇಳುತ್ತಾರೆ. ರಕ್ತಕಣಕ್ಕೆ ಭಿತ್ತಿ ಇಲ್ಲ, ಬರೀ ನೀರಿನಲ್ಲಿ ಉಬ್ಬಿ ಒಡೆಯುತ್ತದೆ. ಅದಕ್ಕೇ ಸಲೈನ್‌ನಲ್ಲಿ 0.9% ಉಪ್ಪು, ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 5% ಗ್ಲೂಕೋಸ್. ಅಷ್ಟಿದ್ದರೆ ರಕ್ತದ ಬಲಕ್ಕೆ ಸರಿಸಮ. ಸುಸ್ತಾದಾಗಲೆಲ್ಲ ‘ಒಂದು ಗ್ಲೂಕೋಸ್ ಏರಿಸಿ, ಶಕ್ತಿ ಬರುತ್ತೆ’ ಎಂದು ಹಠ ಹಿಡಿಯುವವರು ನಮ್ಮ ಊರುಗಳಲ್ಲಿ ಎಷ್ಟು ಜನ ಇಲ್ಲ? ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ನೂರು ಕ್ಯಾಲೊರಿಯೂ ಇಲ್ಲ. ಬಾಯಲ್ಲಿ ತಿಂದು ಕುಡಿಯಬಲ್ಲವರಿಗೆ ಒಂದು ಬಾಳೆಹಣ್ಣಿನಲ್ಲೇ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ, ಸೂಜಿ ಚುಚ್ಚಿಸಿಕೊಳ್ಳದೆ.